ಕೋಚ್ ಕಾಲಿಗೆ ಕೆಂಪು ಕಾರ್ಡ್

"ಕ್ಯಾಶ್‌ನಲ್ಲಿ ಕೂರುವವನಿಗೆ ಮೊಣಕಾಲು ಎಂತಕ್ಕೆ ಮಾರಾಯ?" ಎಂದು ಕೇಳಿದ ನನ್ನ ಅಣ್ಣ. ಎಡಗಾಲಿನ ಮೊಣಕಾಲು ಆಪರೇಷನ್ ಆಗಿ, ಆಟ ಬಿಟ್ಟು, ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಕೋಚ್ ಅಂತ ಸೇರಿದ ಹೊಸತು ಅದು. ಮದ್ರಾಸಿನ ಎಗ್ಮೋರ್ ಸ್ಟೇಷನ್ ಎದುರಿನ ಗಲ್ಲಿಯಲ್ಲಿ ಅಪ್ಪನ ಕಾಲದ ಹೋಟೆಲು ಅಣ್ಣನ ಕೈಯಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಕೋಯಂಬೇಡು ಬಸ್‌ಸ್ಟ್ಯಾಂಡಿನ ಹತ್ತಿರ ಇನ್ನೊಂದು ಬ್ರಾಂಚ್ ತೆಗೆಯುವ ತಯಾರಿಯಲ್ಲಿದ್ದ. ನಮ್ಮ ಕುಂದಾಪುರ ಕಡೆಯ ಹೋಟೆಲಿನವರಿಗೆ ಒಂದು ನಂಬಿಕೆ ಉಂಟು: ಇಡ್ಲಿ ಯಾರು ಬೇಕಾದರೂ ಬೇಯಿಸಲಿ, ಗಲ್ಲಾಪೆಟ್ಟಿಗೆಯ ಹಿಂದೆ ಮನೆಯವರೇ ಕೂರಬೇಕು. ಅಣ್ಣನಿಗೆ ಇದ್ದ ಮನೆಯವನು ನಾನೊಬ್ಬ.

ಮಾತುಕತೆ ಆಗಿ ಒಂದು ಒಪ್ಪಂದಕ್ಕೆ ಬಂದೆವು. ಸೀಸನ್ ಮುಗಿಯುವಾಗ ನನ್ನ ಟೀಮು ಇರುವ ಡಿವಿಷನ್ನಿನಲ್ಲೇ ಉಳಿದರೆ ನಾನು ಕೋಚ್ ಆಗಿಯೇ ಇರಬಹುದು, ಅಣ್ಣ ಇನ್ನು ಆ ವಿಷಯ ಎತ್ತುವುದಿಲ್ಲ. ಕೆಳಗಿನ ಡಿವಿಷನ್ನಿಗೆ ಬಿದ್ದರೆ ನಾನು ಕೋಯಂಬೇಡಿನಲ್ಲಿ ಕ್ಯಾಶ್‌ಗೆ ಕೂರಬೇಕು, ಚೆಂಡಿನ ಹೆಸರು ಎತ್ತಬಾರದು. ಅಣ್ಣ ದೇವರ ಫೋಟೋದ ಎದುರೇ ನನ್ನಿಂದ ಕೈಮೇಲೆ ಕೈ ಹಾಕಿಸಿಕೊಂಡ. ನಮ್ಮ ಟೀಮು ಆಡುವುದನ್ನು ಆಗ ಅವನು ನೋಡಿರಲಿಲ್ಲ, ನಾನು ನೋಡಿದ್ದೆ. ಆದರೂ ಒಪ್ಪಿದೆ, ನೋಡಿ ಸೊಕ್ಕು.

ಟೀಮಿನಲ್ಲಿ ಅರ್ಧ ಜನ ಕಾಸಿಮೇಡಿನ ಮೀನುಗಾರರ ಮನೆಯವರು. ಉಳಿದವರಲ್ಲಿ ಕೊರಿಯರ್ ಹಂಚುವವರು, ಜಿಮ್ಮಿನಲ್ಲಿ ಕೆಲಸ ಮಾಡುವವರು, ಮದುವೆಗೆ ಲೈಟು ಕಟ್ಟುವ ಒಬ್ಬ. ಕ್ಲಬ್ಬಿನ ಸೆಕ್ರೆಟರಿ ಟ್ರಿಪ್ಲಿಕೇನಿನಲ್ಲೇ ಹುಟ್ಟಿ ಬೆಳೆದ ಮಾಧ್ವರು, ರಿಟೈರ್ ಆದ ಆಫೀಸರು. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದೂ ಮನೆಯಲ್ಲಿ ಕನ್ನಡ ಬಿಟ್ಟಿರಲಿಲ್ಲ, ಆದರೆ ಆ ಕನ್ನಡದೊಳಗೆ ಅರ್ಧಕ್ಕರ್ಧ ತಮಿಳು ಸೇರಿ ಹೋಗಿತ್ತು. ನಾನು ಅವರನ್ನು ಮಾಮಾ ಅನ್ನುತ್ತಿದ್ದೆ. ಹಣೆಗೆ ಅಂಗಾರ ಅಕ್ಷತೆ ಇಟ್ಟು, ಕೈಯಲ್ಲಿ ಕೊಡೆ ಹಿಡಿದು ಗ್ರೌಂಡಿಗೆ ಬರುತ್ತಿದ್ದರು. ಫುಟ್‌ಬಾಲ್ ರೂಲ್ಸ್ ಬಾಯಿಪಾಠ, ಚೆಂಡನ್ನು ಮಾತ್ರ ಒಮ್ಮೆಯೂ ಒದ್ದವರಲ್ಲ.

ಮೊದಲನೇ ವಾರವೇ ಪ್ರಾಕ್ಟೀಸಿಗೆ ಇಡುವ ಕೋನ್‌ಗಳು ಕಾಣೆಯಾದವು. ಪಕ್ಕದಲ್ಲಿ ರಸ್ತೆ ಅಗೆಯುವವರು ಎತ್ತಿಕೊಂಡು ಹೋಗಿ ಹೊಂಡದ ಸುತ್ತ ಇಟ್ಟಿದ್ದರು. "ಕೇಳಿದ್ದೀನಿ ಪ್ಪಾ, ಹೊಂಡ ಮುಚ್ಚಿದ ಉಡನೆ ಕೊಡ್ತಾರಂತೆ," ಅಂದರು ಮಾಮಾ. ಈ ಊರಿನಲ್ಲಿ ಹೊಂಡ ಮುಚ್ಚುವುದನ್ನು ಕಾದರೆ ನಾನೇ ರಿಟೈರ್ ಆಗುತ್ತೇನೆ. ಮಾರನೇ ಬೆಳಿಗ್ಗೆ ಹೋಟೆಲಿನ ಹಿಂದಿನ ಬಾಗಿಲಿನಿಂದ ಒಂದು ಗೋಣಿ ಸ್ಟೀಲ್ ಲೋಟ ಎತ್ತಿಕೊಂಡು ಗ್ರೌಂಡಿಗೆ ಹೋದೆ. ಬೋರಲು ಹಾಕಿ ಸಾಲಾಗಿ ಇಟ್ಟರೆ ಬಿಸಿಲಿಗೆ ಫಳಫಳ ಹೊಳೆದು ದೂರಕ್ಕೂ ಕಾಣುತ್ತಿತ್ತು, ಕೋನ್‌ಗಿಂತ ವಾಸಿ. ಪ್ರಾಕ್ಟೀಸ್ ಮುಗಿದ ಮೇಲೆ ವಾಪಸ್ ತಂದು ತೊಳೆಯುವ ತೊಟ್ಟಿಗೆ ಹಾಕಿಬಿಡುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ, ಅಂತ ನಾನು ಅಂದುಕೊಂಡಿದ್ದೆ.

ಗಿರಾಕಿಗಳು ಕಾಫಿ ಲೋಟ ಅದರಡಿಯ ದಬರ ಬಟ್ಟಲಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ ಎಂದು ದೂರಲು ಶುರು ಮಾಡಿದರು. ಅಣ್ಣ ತೊಳೆಯುವವರಿಗೆ ಬೈದ, ಕ್ಲೀನರಿಗೆ ಬೈದ, ಸ್ಟೀಲ್ ಅಂಗಡಿಯವನಿಗೆ ಫೋನ್ ಮಾಡಿ ಬೈದ. ಒಂದು ದಿನ ಲೋಟವೊಂದನ್ನು ತಿರುಗಿಸಿ ಬೆಳಕಿಗೆ ಹಿಡಿದು ನೋಡಿದ. ಬೂಟಿನ ಸ್ಟಡ್ಡಿನ ಗುರುತು ಒತ್ತಿ ಕೂತಿತ್ತು. ಅವತ್ತಿನಿಂದ ನನ್ನ ಕಾಫಿ ಮಾತ್ರ ಇದ್ದುದರಲ್ಲೇ ಅತಿ ಜಜ್ಜಿದ ಲೋಟದಲ್ಲಿ ಬರತೊಡಗಿತು, ಬಾಯಿಗಿಂತ ತೊಡೆಗೆ ಜಾಸ್ತಿ ಹೋಗುತ್ತಿತ್ತು.

ನಾನು ಆಡುತ್ತಿದ್ದ ದಿನಗಳಲ್ಲಿ ಸ್ಟಾಪರ್ ಬ್ಯಾಕು, ಗೋಲಿನ ಮುಂದೆ ನಿಂತು ತಡೆಯುವವನು. ಹಾಗಾಗಿ ನನಗೆ ಗೊತ್ತಿದ್ದ ವಿದ್ಯೆಯನ್ನೇ ಕಲಿಸಲು ಹೊರಟೆ: ಆಫ್‌ಸೈಡ್ ಟ್ರ್ಯಾಪ್. ಹಿಂದಿನ ನಾಲ್ಕು ಜನ ಒಂದೇ ಸಾಲಿನಲ್ಲಿ ನಿಲ್ಲಬೇಕು. ಎದುರಾಳಿ ಚೆಂಡು ಮುಂದಕ್ಕೆ ಹಾಕುವ ಹೊತ್ತಿಗೆ ನಾಲ್ವರೂ ಒಟ್ಟಿಗೆ ಮುಂದೆ ಹೆಜ್ಜೆ ಇಟ್ಟರೆ, ಅವರ ಫಾರ್ವರ್ಡು ಹಿಂದೆ ಒಂಟಿಯಾಗಿ ಉಳಿದು ಆಫ್‌ಸೈಡ್ ಆಗುತ್ತಾನೆ, ಆಟ ಅಲ್ಲಿಗೆ ನಿಂತು ಚೆಂಡು ನಮಗೆ. ನಾಲ್ವರಲ್ಲಿ ಒಬ್ಬ ಮರೆತು ನಿಂತರೂ ಎಲ್ಲ ಕೆಟ್ಟಿತು. ಇದನ್ನು ಅರ್ಥ ಮಾಡಿಸಲು ನಾನು ಪಂಕ್ತಿಯ ಉದಾಹರಣೆ ಕೊಟ್ಟೆ. ಊಟದ ಪಂಕ್ತಿಯಲ್ಲಿ ಯಾರೂ ಮೊದಲು ಏಳುವಂತಿಲ್ಲ, ಕೊನೆಗೂ ಉಳಿಯುವಂತಿಲ್ಲ, ಎಲ್ಲರೂ ಒಟ್ಟಿಗೆ ಏಳಬೇಕು ಅಂದೆ. ಲೆಫ್ಟ್ ಬ್ಯಾಕ್ ಗಂಭೀರವಾಗಿ ಕೇಳಿಸಿಕೊಂಡು, ಪಂಕ್ತಿಯಲ್ಲಿ ಮೀನು ಹಾಕ್ತಾರಾ ಎಂದು ಕೇಳಿದ. ಇಲ್ಲ ಅಂದೆ. ಹಾಗಾದರೆ ನಾನು ಮೊದಲೇ ಎದ್ದು ಹೋಗ್ತೇನೆ ಅಂದ.

ಪಾಠ ಹತ್ತದೆ ಇದ್ದಾಗ ಕೂಗಲು ಶುರು ಮಾಡಿದೆ. ಮೈದಾನದ ಬದಿಯ ಟಚ್‌ಲೈನಿನಲ್ಲಿ ನಿಂತು "ಏರು! ಇಳಿ! ಏರೋ, ಏರೋ!" ಎಂದು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಕೂಗಿ ಕೂಗಿ ಗಂಟಲು ಕುಕ್ಕರಿನ ವಿಸಿಲ್ ಆಯಿತು. ಆಟಗಾರರು ಚೆಂಡು ನೋಡುವುದು ಬಿಟ್ಟು ನನ್ನನ್ನು ನೋಡತೊಡಗಿದರು. ನನ್ನ ಸ್ವರ ಅವರ ಕಿವಿಗೆ ಮುಟ್ಟಿ, ಅವರು ಹೆಜ್ಜೆ ಎತ್ತುವಷ್ಟರಲ್ಲಿ ಎದುರಾಳಿ ಗೋಲು ಹೊಡೆದು ಕುಣಿಯುತ್ತಿದ್ದ.

ನಿಜವಾಗಿ ಈ ಕೂಗುವ ಕೆಲಸ ಗೋಲ್‌ಕೀಪರಿನದು. ಇಡೀ ಗ್ರೌಂಡು ಕಾಣುವುದು ಅವನೊಬ್ಬನಿಗೆ. ನಮ್ಮ ಕೀಪರು ಕಾಸಿಮೇಡಿನವನು, ಬಂದರಿನಲ್ಲಿ ಮೀನು ಹರಾಜು ಕೂಗುವುದು ಅವನ ಮನೆತನದ ಕೆಲಸ. ಬೆಳಗಿನ ಹರಾಜು ಮುಗಿಸಿ ಮುಂಗೈಯಲ್ಲಿ ಮೀನಿನ ಪೊರೆ ಅಂಟಿಸಿಕೊಂಡೇ ಪ್ರಾಕ್ಟೀಸಿಗೆ ಬರುತ್ತಿದ್ದ. ಒಳ್ಳೇ ಕೈ, ಒಳ್ಳೇ ಧೈರ್ಯ, ಆದರೆ ಗೋಲಿನೊಳಗೆ ನಿಂತರೆ ಬಾಯಿಗೆ ಬೀಗ. ಅವನನ್ನು ಅಪ್ಪಿ ಬೆನ್ನು ತಟ್ಟಿ ಬಂದ ದಿನ ಅಣ್ಣ ನನ್ನನ್ನು ಹೋಟೆಲಿನೊಳಗೆ ಬಿಡುತ್ತಿರಲಿಲ್ಲ. ಹಿತ್ತಿಲ ನಲ್ಲಿಯಲ್ಲಿ ಸ್ನಾನ ಮಾಡಿಸಿಯೇ ತಿಂಡಿ ಹಾಕುತ್ತಿದ್ದ.

ಹೀಗೆ ಬಿದ್ದು ಎದ್ದು, ಕೊನೆಯ ಎರಡು ಮ್ಯಾಚು ಉಳಿದಾಗ ನಮಗೆ ಒಂದೇ ಒಂದು ಗೆಲುವು ಸಾಕಿತ್ತು. ಆ ಎರಡರಲ್ಲಿ ಮೊದಲನೆಯದರಲ್ಲಿ ಒಂದು ಗೋಲು ಮುಂದೆ ಇದ್ದೆವು, ಇನ್ನು ಸ್ವಲ್ಪ ಹೊತ್ತಿನ ಆಟ. ಮಾಮಾ ಆಗಲೇ ಕೊಡೆ ಮಡಚಿ ಕೈಮುಗಿಯುತ್ತಿದ್ದರು. ಅಷ್ಟರಲ್ಲಿ ನಮ್ಮ ಲೆಫ್ಟ್ ಬ್ಯಾಕ್ ಕಾಲು ಜಾರಿ ಬಿದ್ದ. ಎದುರಾಳಿಗಳ ವಿಂಗರು, ಬದಿಯಿಂದ ನುಗ್ಗುವವನು, ಚೆಂಡು ತಳ್ಳಿಕೊಂಡು ಸೀದಾ ಟಚ್‌ಲೈನಿನ ಮೇಲೆಯೇ, ನನ್ನ ಮೂಗಿನ ಎದುರಿಗೇ ಓಡಿ ಬಂದ. ಅವನ ಮುಂದೆ ಯಾರೂ ಇಲ್ಲ.

ಆಮೇಲೆ ಆದದ್ದು ನನ್ನ ತಲೆ ಮಾಡಿದ ಕೆಲಸ ಅಲ್ಲ, ಕಾಲು ಮಾಡಿದ್ದು. ಎಷ್ಟೋ ವರ್ಷ ಅದೇ ಕೆಲಸ ಮಾಡಿದ ಕಾಲು, ಅದಕ್ಕೆ ಕೋಚ್ ಆದದ್ದು ಯಾರೂ ಹೇಳಿರಲಿಲ್ಲ. ಇಸ್ತ್ರಿ ಹಾಕಿದ ಪ್ಯಾಂಟಿನಲ್ಲಿ ನಾನು ಮೈದಾನದೊಳಗೆ ಜಾರಿ ಹೋಗಿ ಚೆಂಡನ್ನು ಚೊಕ್ಕವಾಗಿ ತೆಗೆದು ಹೊರಗೆ ಹಾಕಿದೆ. ಆಪರೇಷನ್ ಆದ ಮೊಣಕಾಲು ಅಷ್ಟು ಚೆನ್ನಾಗಿ ಮಡಚಿದ್ದು ಅದೇ ಮೊದಲು. ಪ್ಯಾಂಟು ಮಾತ್ರ ಪರ್ ಅಂತ ಹರಿಯಿತು.

ರೆಫರಿ ವಿಸಿಲ್ ಊದಿ ಓಡಿ ಬಂದರು. ನಾನು ಕೂತಲ್ಲಿಂದಲೇ ಕೈ ಎತ್ತಿ, "ಚೆಂಡು ಮಾತ್ರ ತೆಗೆದದ್ದು ರೆಫ್, ಆಳನ್ನು ಮುಟ್ಟಲೇ ಇಲ್ಲ," ಅಂದೆ.

"ಒಳ್ಳೇ ಟ್ಯಾಕಲ್ ಸಾರ್," ಅಂದರು ಅವರು. "ಆದರೆ ನೀವು ಟೀಮಿನಲ್ಲಿ ಇಲ್ಲ."

ಕೆಂಪು ಕಾರ್ಡು ಬಂತು. ಫ್ರೀ ಕಿಕ್ ಕೊಟ್ಟರು, ಅದರಿಂದ ಅವರು ಗೋಲು ಹೊಡೆದರು, ಮ್ಯಾಚು ಡ್ರಾ. ಈಗ ಕೊನೆಯ ಮ್ಯಾಚಿನಲ್ಲಿ ಸೋತರೆ ನಾವು ಕೆಳಗೆ, ಡ್ರಾ ಆದರೆ ಬಚಾವು. ಆ ಮ್ಯಾಚಿಗೆ ನಾನು ಬೆಂಚಿನ ಹತ್ತಿರ ಬರುವಂತಿಲ್ಲ, ಗ್ಯಾಲರಿಯಲ್ಲಿ ಕೂರಬೇಕು, ಬೆಂಚಿಗೆ ಫೋನ್ ಮಾಡುವಂತಿಲ್ಲ ಎಂದು ಲೀಗಿನವರು ಹೇಳಿ ಕಳಿಸಿದರು.

ನಾನು ಜಾರಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ವಿಡಿಯೋ ಹೋಟೆಲಿಗೆ ಬಂತು. ಅಣ್ಣ ಅದನ್ನು ಅಡುಗೆಯವರಿಗೆ, ಸಪ್ಲೈಯರುಗಳಿಗೆ, ತರಕಾರಿ ತರುವವನಿಗೆ ಕರೆದು ಕರೆದು ತೋರಿಸಿದ. ಪ್ಯಾಂಟು ಹರಿಯುವ ಜಾಗದಲ್ಲಿ ನಿಲ್ಲಿಸಿ ಮತ್ತೆ ಹಾಕಿದ. ಎಲ್ಲ ನಕ್ಕು ಮುಗಿದ ಮೇಲೆ, ಭಾನುವಾರ ಮ್ಯಾಚಲ್ವಾ, ಅದಾದ ಮೇಲಿನ ಶುಕ್ರವಾರ ಕೋಯಂಬೇಡಿನಲ್ಲಿ ಪೂಜೆ ಇಟ್ಟುಕೊಂಡಿದ್ದೇನೆ, ಬಿಳಿ ಶರ್ಟು ಹೊಲಿಸಿಕೋ ಅಂದ. ಕೊಂಕಿಲ್ಲದೆ, ಪ್ರೀತಿಯಿಂದಲೇ ಅಂದ. ನಾನು ಹಿತ್ತಿಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದೆ. ಸುಳ್ಳು ಯಾಕೆ ಹೇಳಲಿ, ಅತ್ತುಬಿಟ್ಟೆ. ಆ ಕೋಚ್ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬೇಕಿರಲಿಲ್ಲ.

ಮಾರನೇ ದಿನ ಕೀಪರನ್ನು ಕರೆದು, ನಾನಿಲ್ಲ, ಇನ್ನು ನೀನೇ ಕೂಗಬೇಕು, ಇಡೀ ಸೀಸನ್ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂದು ರೇಗಿದೆ. ಅವನಿಗೆ ಆಶ್ಚರ್ಯವಾಯಿತು.

"ಒಂದು ಬುಟ್ಟಿಗೆ ಇಬ್ಬರು ಕೂಗಬಾರದು ಅಣ್ಣೇ," ಅಂದ ತಮಿಳಿನಲ್ಲಿ. "ನೀವು ಕೂಗ್ತಾ ಇದ್ದಿರಿ. ನಡುವೆ ನಾನು ಬಾಯಿ ಹಾಕಿದರೆ ನಿಮಗೆ ಅವಮಾನ ಅಲ್ವಾ?"

ಬಂದರಿನಲ್ಲಿ ಅದು ಕಟ್ಟುಪಾಡಂತೆ. ಒಬ್ಬ ಒಂದು ಬುಟ್ಟಿ ಕೂಗಲು ಶುರು ಮಾಡಿದರೆ ಇನ್ನೊಬ್ಬ ಹರಾಜಿನವ ಪಕ್ಕದಲ್ಲೇ ನಿಂತಿದ್ದರೂ ತುಟಿ ಬಿಚ್ಚಬಾರದು, ಬಿಚ್ಚಿದರೆ ಜಗಳ. ಇಡೀ ಸೀಸನ್ ನಾನು ಇವನನ್ನು ಮೂಗಬಸವ ಅಂದುಕೊಂಡಿದ್ದೆ, ಇವನು ನನಗೆ ಮರ್ಯಾದೆ ಕೊಡುತ್ತಿದ್ದ. ಯಾರ ತಲೆಗೆ ಚಚ್ಚಲಿ?

ಅವನು ಕೂಗುವುದನ್ನು ಕೇಳಲೇಬೇಕು ಎಂದು ಮರುದಿನ ಬೆಳಕು ಹರಿಯುವ ಮೊದಲೇ ಕಾಸಿಮೇಡಿಗೆ ಹೋದೆ. ಹುಟ್ಟಾ ಸಸ್ಯಾಹಾರಿ ಮೂಗಿಗೆ ಹೆಗಲಿನ ಬೈರಾಸು ಬಟ್ಟೆ ಸುತ್ತಿಕೊಂಡು ಒಂದು ಮೂಲೆಯಲ್ಲಿ ನಿಂತೆ. ನಮ್ಮ ಕೀಪರು ಮಗುಚಿದ ಕ್ರೇಟಿನ ಮೇಲೆ ಹತ್ತಿ ನಿಂತಿದ್ದ. ಅಬ್ಬಾ, ಆ ಸ್ವರ! ದೋಣಿಯ ಇಂಜಿನ್ ಶಬ್ದ ಕೂಡ ಅದರಡಿ ಮುಚ್ಚಿ ಹೋಗುತ್ತಿತ್ತು. ಅವನು ಬೆಲೆ ಏರಿಸುತ್ತಾ ಹೋದ ಹಾಗೆ ಸುತ್ತ ನಿಂತ ಹೆಂಗಸರು ಗಂಡಸರು ಎಲ್ಲರೂ, ಯಾರೂ ಹೇಳದೆ, ಒಂದೊಂದೇ ಹೆಜ್ಜೆ ಒಟ್ಟಿಗೆ ಮುಂದೆ ಬರುತ್ತಿದ್ದರು. ಅವನು ನಿಲ್ಲಿಸಿದರೆ ಅವರೂ ನಿಲ್ಲುತ್ತಿದ್ದರು. ಕೊನೆಗೆ "ಎಡು!" ಅಂದ, ತಗೋ ಅಂತ. ಬುಟ್ಟಿ ಹಾರಿ ಹೋಯಿತು. ನಾನು ತಿಂಗಳುಗಟ್ಟಲೆ ಲೋಟ ಜೋಡಿಸಿ ಕಲಿಸಲಾಗದೆ ಇದ್ದದ್ದು ಇಲ್ಲಿ ದಿನವೂ ನಡೆಯುತ್ತಿತ್ತು. ನಮ್ಮ ಹಿಂದಿನ ನಾಲ್ವರಲ್ಲಿ ಮೂವರು ಈ ಹರಾಜಿನ ನಡುವೆಯೇ ಬೆಳೆದವರು.

ಆ ವಾರ ಪ್ರಾಕ್ಟೀಸಿನಲ್ಲಿ ಒಂದೇ ಪಾಠ. ಕೀಪರು ಬೆಲೆ ಏರಿಸಿದರೆ ಸಾಲು ಮುಂದೆ ಹೋಗಬೇಕು, ನಿಲ್ಲಿಸಿದರೆ ನಿಲ್ಲಬೇಕು, "ಎಡು" ಅಂದರೆ ಹತ್ತಿರ ಇದ್ದವನು ಚೆಂಡಿಗೆ ಬೀಳಬೇಕು. ಲೈಟು ಕಟ್ಟುವ ರೈಟ್ ಬ್ಯಾಕಿಗೆ ಮೊದಲ ದಿನ ಅರ್ಥವಾಗಲಿಲ್ಲ, ಯಾವ ಮೀನು ಅಂತ ಕೇಳಿದ. ಆಮೇಲೆ ಅವನಿಗೂ ಹತ್ತಿತು. ಕಷ್ಟ ಇದ್ದದ್ದು ನನ್ನ ಬಾಯಿಯದು. ಮಾಮಾ ಮಠದ ಪ್ರಸಾದದ ಕಲ್ಲುಸಕ್ಕರೆ ಪೊಟ್ಟಣ ತಂದು ಪಕ್ಕದಲ್ಲಿ ನಿಂತರು. ನಾನು ಬಾಯಿ ತೆರೆದ ಕೂಡಲೇ ಒಂದು ಹರಳು ಒಳಗೆ ಹಾಕುತ್ತಿದ್ದರು. ವಾರ ಮುಗಿಯುವಾಗ ಟೀಮಿನ ಡಿಫೆನ್ಸು ಗಟ್ಟಿಯಾಗಿತ್ತು, ನನ್ನ ದವಡೆ ಹಲ್ಲು ನೋಯುತ್ತಿತ್ತು.

ಮ್ಯಾಚಿನ ಬೆಳಿಗ್ಗೆ ಮಾಮಾ ನನ್ನನ್ನು ಬದಿಗೆ ಕರೆದರು. ಕಿವಿಯೊಳಗೆ ಸಣ್ಣದೊಂದು ಇಯರ್‌ಫೋನ್ ಇಟ್ಟುಕೊಂಡಿದ್ದರು.

"ನೀನು ಮೇಲಿಂದ ಹೇಳು, ನಾನು ಕೆಳಗೆ ಹೇಳ್ತೀನಿ. ಯಾರಾದ್ರೂ ಕೇಳಿದ್ರೆ ಹಿಯರಿಂಗ್ ಏಡ್ ಅಂದ್ಬಿಡ್ತೀನಿ. ನನ್ನ ವಯಸ್ಸಿಗೆ ಯಾರು ಕೇಳ್ತಾರೆ, ಸೊಲ್ಲು ನೋಡೋಣ?"

ರೂಲ್ಸ್ ಬಾಯಿಪಾಠ ಇದ್ದ ಮನುಷ್ಯ, ಜೀವನದಲ್ಲಿ ಒಮ್ಮೆಯೂ ಟಿಕೆಟ್ಟಿಲ್ಲದೆ ಬಸ್ ಹತ್ತಿದವರಲ್ಲ, ನನಗಾಗಿ ಸುಳ್ಳು ಹೇಳಲು ತಯಾರಾಗಿದ್ದರು. ಆಸೆಯಾಯಿತು. ಬಹಳ ಆಸೆಯಾಯಿತು. ಕೈ ಜೇಬಿನ ಫೋನಿನ ಮೇಲೆಯೇ ಇತ್ತು. ಆದರೆ ಮಾಮಾ ಕೆಳಗೆ ಬಾಯಿ ಹಾಕಿದರೆ ಕೀಪರು ಮರ್ಯಾದೆಗೆ ಮತ್ತೆ ಬಾಯಿ ಮುಚ್ಚುತ್ತಾನೆ. ಬೇಡ ಮಾಮಾ, ಒಂದು ಬುಟ್ಟಿಗೆ ಒಂದೇ ಬಾಯಿ ಅಂದೆ. ಗ್ಯಾಲರಿಗೆ ಹೋಗಿ ಫೋನನ್ನು ಅಣ್ಣನ ಕೈಗೆ ಕೊಟ್ಟುಬಿಟ್ಟೆ.

ಹೌದು, ಅಣ್ಣ ಬಂದಿದ್ದ. ಹುಟ್ಟಿದಾರಭ್ಯ ನನ್ನ ಒಂದು ಮ್ಯಾಚು ನೋಡದವನು ಅವತ್ತು ಹೋಟೆಲು ಬೇರೆಯವರಿಗೆ ಬಿಟ್ಟು, ಟಿಫಿನ್ ಡಬ್ಬಿಯಲ್ಲಿ ಗೋಳಿಬಜೆ ತುಂಬಿಸಿಕೊಂಡು ಬಂದಿದ್ದ. ಶರ್ಟಿನ ಜೇಬಿನಲ್ಲಿ ಹೊಸ ಗಲ್ಲಾಪೆಟ್ಟಿಗೆಯ ಕೀ, ಅರಿಶಿನದ ದಾರ ಕಟ್ಟಿದ್ದು. ಮ್ಯಾಚು ಮುಗಿದ ಕೂಡಲೇ ಕೊಟ್ಟುಬಿಡುತ್ತೇನೆ, ಒಳ್ಳೆ ಮುಹೂರ್ತ ಉಂಟು ಅಂದ. ಆಮೇಲೆ ಆ ಕೈಗವಸಿನವನು ಮಾತ್ರ ಯಾಕೆ ಚೆಂಡನ್ನು ಕೈಯಲ್ಲಿ ಹಿಡಿಯುವುದು, ಉಳಿದವರು ಸುಮ್ಮನೆ ಒಪ್ಪುತ್ತಾರಾ ಎಂದು ಕೇಳಿದ.

ಆಟ ಶುರುವಾಯಿತು. ಕೀಪರು ಗಂಟಲು ಸರಿಮಾಡಿಕೊಂಡು ಒಮ್ಮೆ ನನ್ನ ಕಡೆ ನೋಡಿದ. ನಾನು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅಲ್ಲಿಂದ ಮುಂದೆ ಹರಾಜು. "ನೂರು, ನೂರಹತ್ತು, ನೂರಿಪ್ಪತ್ತು," ಎಂದು ಅವನು ತಮಿಳಿನಲ್ಲಿ ಏರಿಸಿದ ಹಾಗೆ ನಾಲ್ವರೂ ಸರ್ರನೆ ಮುಂದೆ ಹೋದರು, ಅವರ ಫಾರ್ವರ್ಡು ಹಿಂದೆ ಉಳಿದ, ಲೈನ್ಸ್‌ಮನ್ ಬಾವುಟ ಎತ್ತಿದರು. ಮತ್ತೆ ಅದೇ, ಮತ್ತೆ ಬಾವುಟ. ರೆಫರಿ ಆಟ ನಿಲ್ಲಿಸಿ ಕೀಪರಿನ ಹತ್ತಿರ ಹೋಗಿ, ಇಲ್ಲಿ ಬೆಟ್ಟಿಂಗ್ ಏನಾದರೂ ನಡೀತಾ ಇದೆಯಾ ಎಂದು ವಿಚಾರಿಸಿದರು. ಮಾಮಾ ಬೆಂಚಿನಿಂದ ಎದ್ದು ಕೊಡೆ ಎತ್ತಿ ಹಿಡಿದು, ಅಂಕಿ ಹೇಳಬಾರದು ಅಂತ ಯಾವ ರೂಲಿನಲ್ಲಿದೆ ಎಂದು ಕೇಳಿದರು. ಯಾವುದರಲ್ಲೂ ಇರಲಿಲ್ಲ.

ನಾವೂ ಗೋಲು ಹೊಡೆಯಲಿಲ್ಲ ಅನ್ನಿ. ನಮ್ಮ ಸೆಂಟರ್ ಫಾರ್ವರ್ಡು ಒಂದು ಒಳ್ಳೇ ಅವಕಾಶ ಸಿಕ್ಕಾಗ ಇದ್ದ ಎರಡು ಚೆಂಡಿನಲ್ಲಿ ಒಂದನ್ನು ಕಾಂಪೌಂಡ್ ದಾಟಿಸಿ ರಸ್ತೆಗೆ ಹಾಕಿದ. ಅದು ಒಂದು ಲಾರಿಯಲ್ಲಿ ಬಿದ್ದು ಹೊರಟೇ ಹೋಯಿತು. ಉಳಿದದ್ದು ಒಂದೇ ಚೆಂಡು.

ಕೊನೆಯ ಹೊತ್ತಿಗೆ ಎರಡೂ ಕಡೆ ಗೋಲಿಲ್ಲ. ಆಗ ನಮ್ಮ ಲೆಫ್ಟ್ ಬ್ಯಾಕ್, ಅದೇ ಪುಣ್ಯಾತ್ಮ, ಕಾಲು ಹಿಡಿದುಕೊಂಡು ಮತ್ತೆ ಬಿದ್ದ. ವಿಂಗರು ಲೈನಿನ ಮೇಲೆ ಓಡಿ ಬಂದ, ಗ್ಯಾಲರಿಯ ಕೆಳಗೇ. ನನ್ನ ಕಾಲು ತಾನಾಗಿ ಹೋಯಿತು. ಒದೆ ಬಿದ್ದ ಗೋಳಿಬಜೆಯ ಡಬ್ಬಿ ಮೆಟ್ಟಿಲಿನುದ್ದಕ್ಕೂ ಢಣಢಣ ಉರುಳಿತು. ಕೆಳಗೆ ಕೀಪರು "ಎಡು!" ಎಂದು ಇಡೀ ಎಗ್ಮೋರಿಗೆ ಕೇಳುವ ಹಾಗೆ ಕೂಗಿ, ತಾನೇ ಗೋಲು ಬಿಟ್ಟು ಓಡಿ ಬಂದು ಜಾರಿದ. ಚೆಂಡು ಮಾತ್ರ ತೆಗೆದ, ಆಳನ್ನು ಮುಟ್ಟಲಿಲ್ಲ. ಚೆಂಡು ಹಾರಿ ಗ್ಯಾಲರಿಗೆ ಬಂತು, ಸೀದಾ ಅಣ್ಣನ ತೊಡೆಗೆ.

ಎದುರಾಳಿ ಆಟಗಾರರು ಕೆಳಗೆ ಬಂದು ಕೈಚಾಚಿ ನಿಂತರು. ಅಣ್ಣ ಚೆಂಡನ್ನು ನೋಡಿದ, ನನ್ನನ್ನು ನೋಡಿದ.

"ಇನ್ನು ಎಷ್ಟು ಹೊತ್ತು ಉಂಟು?"

"ಸ್ವಲ್ಪ. ಒಂದೆರಡು ನಿಮಿಷ."

ಅಣ್ಣ ಚೆಂಡನ್ನು ಪಂಚೆಯೊಳಗೆ ಹಾಕಿಕೊಂಡು ಕಾಲು ಮಡಚಿ ಕೂತುಬಿಟ್ಟ. ಕೆಳಗಿನಿಂದ ಬೈದರು, ಕೈಮುಗಿದರು, ಒಬ್ಬ ಮೇಲೆ ಹತ್ತಿ ಬಂದ. ಅಣ್ಣ ಅವನಿಗೆ ಬಿದ್ದ ಗೋಳಿಬಜೆ ತೋರಿಸಿ, ಇದಕ್ಕೆ ಯಾರು ಜವಾಬ್ದಾರಿ ಎಂದು ಕನ್ನಡದಲ್ಲಿ ವಿಚಾರಣೆ ಶುರು ಮಾಡಿದ. ಹೋಟೆಲಿನಲ್ಲಿ ಬಿಲ್ಲು ತಪ್ಪಿದೆ ಅನ್ನುವ ಗಿರಾಕಿಯನ್ನು ಸಂಭಾಳಿಸುವ ಅದೇ ಶಾಂತಿ. ಕೆಳಗೆ ರೆಫರಿ ತಮ್ಮ ವಾಚು ನಿಲ್ಲಿಸಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅಣ್ಣ ಹಿಡಿದಿಟ್ಟುಕೊಂಡ ಹೊತ್ತೆಲ್ಲ ಕೊನೆಗೆ ಸೇರಿಯೇ ಸೇರುತ್ತದೆ, ಒಂದು ಸೆಕೆಂಡೂ ಉಳಿತಾಯ ಇಲ್ಲ. ಅದು ನನಗೆ ಗೊತ್ತಿತ್ತು. ಅವನಿಗೆ ಇವತ್ತಿಗೂ ನಾನು ಹೇಳಿಲ್ಲ.

ಆದರೆ ಅಷ್ಟರಲ್ಲಿ ಲೆಫ್ಟ್ ಬ್ಯಾಕಿನ ಕಾಲು ಸೆಳೆತ ಬಿಟ್ಟು ಅವನು ಎದ್ದು ನಿಂತ, ಎಲ್ಲರೂ ನೀರು ಕುಡಿದರು, ಕೀಪರು ಗೋಲಿಗೆ ಮರಳಿದ. ಚೆಂಡು ಕೆಳಗೆ ಹೋದ ಮೇಲೆ ಇನ್ನೂ ಎರಡು ಸಲ ಹರಾಜು ನಡೆಯಿತು. ಅಣ್ಣ ನನ್ನ ಪಕ್ಕದಲ್ಲಿ ಎದ್ದು ನಿಂತು "ನೂರಿಪ್ಪತ್ತು, ನೂರಮೂವತ್ತು" ಎಂದು ತಾನೂ ಸೇರಿಕೊಂಡಿದ್ದ. ನಾನು ಒಂದು ಹರಳು ಕಲ್ಲುಸಕ್ಕರೆ ತೆಗೆದು ಅವನ ಬಾಯಿಗೆ ಹಾಕಿದೆ. ಕೊನೆಯ ವಿಸಿಲ್ ಆಯಿತು. ಡ್ರಾ.

ಕೆಳಗೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕುಣಿಯುತ್ತಿದ್ದರು. ಮಾಮಾ ಕೊಡೆ ಬಿಚ್ಚಿ ಬಿಸಿಲಿಲ್ಲದ ಕಡೆ ಮುಖಕ್ಕೆ ಮರೆಯಾಗಿ ಹಿಡಿದುಕೊಂಡು ನಿಂತಿದ್ದರು. ಅಣ್ಣ ನನ್ನ ಫೋನ್ ವಾಪಸ್ ಕೊಟ್ಟ. ಕೀ ಕೊಡಲಿಲ್ಲ. ಗೋಳಿಬಜೆಯ ಖಾಲಿ ಡಬ್ಬಿ ಎತ್ತಿಕೊಂಡು, ಅದರ ಜಜ್ಜಿದ ಮೂಲೆಯನ್ನು ಹೆಬ್ಬೆರಳಿನಲ್ಲಿ ಸವರುತ್ತಾ ಮೆಟ್ಟಿಲು ಇಳಿದು ಹೋದ.

ಶುಕ್ರವಾರ ಪೂಜೆಗೆ ಬಿಳಿ ಶರ್ಟು ಹಾಕಿಕೊಂಡೇ ಕೋಯಂಬೇಡಿಗೆ ಹೋದೆ, ನೆಂಟನಾಗಿ. ಗಲ್ಲಾಪೆಟ್ಟಿಗೆಯ ಹಿಂದೆ ಅತ್ತಿಗೆ ಕೂತಿದ್ದರು, ಇಷ್ಟು ವರ್ಷ ಅವರನ್ನು ಯಾಕೆ ಯಾರೂ ಕೇಳಲಿಲ್ಲವೋ ದೇವರಿಗೇ ಗೊತ್ತು. ಊಟ ಆದ ಮೇಲೆ ಅಣ್ಣ ಒಳಗಿನಿಂದ ಒಂದು ಗೋಣಿ ಎಳೆದುಕೊಂಡು ಬಂದು ನನ್ನ ಕಾಲಬುಡದಲ್ಲಿ ಇಟ್ಟ. ಒಳಗೆ ಜಜ್ಜಿದ ಸ್ಟೀಲ್ ಲೋಟಗಳು, ಎಗ್ಮೋರಿನಲ್ಲಿ ಇದ್ದಷ್ಟೂ ಆರಿಸಿ ತುಂಬಿಸಿದ್ದು.

"ಇದರಲ್ಲಿ ಗಿರಾಕಿಗೆ ಕಾಫಿ ಕೊಡ್ಲಿಕ್ಕೆ ಆಗುದಿಲ್ಲ ಮಾರಾಯ," ಅಂದ. "ನೀನೇ ಇಟ್ಕೋ, ಮುಂದಿನ ವರ್ಷಕ್ಕೆ ಬೇಕಾಗ್ತದೆ."